ಬೆನ್ನ ಹಿಂದಿನ ಸಾಲು

ಭಾನುವಾರ ಮಧ್ಯಾಹ್ನ, ಊಟದ ತಟ್ಟೆಗಳು ಇನ್ನೂ ಮೇಜಿನ ಮೇಲಿರುವಾಗಲೇ ಸತ್ಯಭಾಮಾ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಕೂತಳು. ಪರದೆಯ ಮೇಲೆ ಮಲಾವಿ ದೇಶದ ಒಂದು ಶಾಲೆಯ ಬಯಲು. ಕೆಂಪು ಮಣ್ಣು, ಮಾವಿನ ಮರ, ನೂರಾರು ಜನ. ನಡುವೆ ಥೋಕೋ.

ಥೋಕೋಜಾನಿ ಇವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು, ನಾಗಪುರದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿಕೊಂಡು ಹೋದ ಹುಡುಗಿ. ಓಣಿಯ ಮರಾಠಿ ಮಕ್ಕಳ ಹಾಗೆ ಅವಳೂ ಸತ್ಯಭಾಮಾಳನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. ಇಬ್ಬರ ನಡುವಿನ ಮಾತು ಹರಕು ಹಿಂದಿ, ಜೊತೆಗೆ ಅಡುಗೆಮನೆಯಲ್ಲಿ ಕಲಿತ ಒಂದಿಷ್ಟು ಕನ್ನಡ. ಪಾರ್ಲಿಮೆಂಟಿಗೆ ನಿಲ್ಲುತ್ತೇನೆಂದು ಊರಿಗೆ ಮರಳಿದಾಗ ಅವಳಿಗೆ ಇಪ್ಪತ್ತಾರು. ಇವತ್ತು ಅವಳ ಪಕ್ಷ ಆ ಕ್ಷೇತ್ರದ ಅಭ್ಯರ್ಥಿಯನ್ನು ಆರಿಸುವ ದಿನ. ಎದುರಿಗಿದ್ದವನು ಅದೇ ಪಕ್ಷದ ಹಳೆಯ ಎಂ.ಪಿ.

"ಶುರು ಆತೇನು ನಿನ್ನ ಪಾರ್ಲಿಮೆಂಟು?" ಗಂಡ ರಘುನಂದನ ಬಡಿಸೋಪು ಅಗಿಯುತ್ತ ಬಂದ. "ಮಂತ್ರಿ ಆದ್ಲಂದ್ರ ಮ್ಯಾಲಿನ ರೂಮಿನ ಗೀಸರ್ ರಿಪೇರಿ ಮಾಡಿಸಿಕೊಡು ಅಂತ ಹೇಳು. ಕೆಡಿಸಿಟ್ಟು ಹೋದಾಕಿ ಅಕಿನ."

"ಒಂದ್ ಸ್ವಲ್ಪ ಸುಮ್ನ ಕೂಡ್ರಿ."

ಅಲ್ಲಿ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಅಭ್ಯರ್ಥಿಗಳು ಜನರಿಗೆ ಬೆನ್ನು ಮಾಡಿ ನಿಲ್ಲುತ್ತಾರೆ, ಜನ ತಮಗೆ ಬೇಕಾದವರ ಹಿಂದೆ ಹೋಗಿ ಸಾಲುಗಟ್ಟುತ್ತಾರೆ. ತಲೆ ಎಣಿಸಿ ಮುಗಿಯುವ ತನಕ ಅಭ್ಯರ್ಥಿ ತಿರುಗಿ ನೋಡುವಂತಿಲ್ಲ. ಥೋಕೋ ಇದನ್ನು ಮೊದಲ ಸಲ ಹೇಳಿದಾಗ ಸತ್ಯಭಾಮಾಗೆ ನಂಬಿಕೆಯಾಗಿರಲಿಲ್ಲ.

"ಹಂಗಾದ್ರ ಯಾರು ಯಾರ ಕಡೆ ಅಂತ ಊರಿಗೆಲ್ಲ ಕಾಣ್ತದಲ್ಲ?"

"ಚುನಾವಣೆಗೆ ನಿಂತವರನ್ನ ಬಿಟ್ಟು ಎಲ್ಲರಿಗೂ ಕಾಣ್ತದ, ಕಾಕು."

ಅದೇ ವಾರ ನೀರಿನ ತಕರಾರಿಗೆಂದು ಇಬ್ಬರೂ ವಾರ್ಡಿನಿಂದ ಆರಿಸಿ ಬಂದ ನಗರಸೇವಕಿಯ ಕಚೇರಿಗೆ ಹೋಗಿದ್ದರು. ಬೋರ್ಡಿನ ಮೇಲೆ ಅವಳ ಹೆಸರು, ಕುರ್ಚಿಯಲ್ಲಿ ಅವಳ ಗಂಡ. ಹೊರಗೆ ಬಂದ ಥೋಕೋ ಆಟೋ ಸಿಗುವ ತನಕ ನಕ್ಕಿದ್ದಳು. "ನಮ್ಮಲ್ಲಿ ಹೆಂಗಸರನ್ನ ಕುಣಿಸ್ತಾರ, ನಿಮ್ಮಲ್ಲಿ ಮನೆಯೊಳಗ ಕೂಡಿಸ್ತಾರ. ನಿಮ್ಮದು ಸ್ವಲ್ಪ ಆರಾಮ."

ಕುಣಿಯುವವರು ಈಗ ಪರದೆಯ ಮೇಲಿದ್ದರು. ಎಂ.ಪಿ.ಯ ಮುಖ ಅಚ್ಚಾದ ಬಟ್ಟೆ ಸುತ್ತಿಕೊಂಡ ಹೆಂಗಸರು ಅವನ ಸಾಲಿನ ಪಕ್ಕ ಹಾಡುತ್ತ ಕುಣಿಯುತ್ತಿದ್ದರು. ಥೋಕೋಳ ಚಿಕ್ಕಮ್ಮನ ಮಗಳು ಚಿಸೋಮೊ ಒಂದು ಬದಿಯಲ್ಲಿ ನಿಂತು ಫೋನು ಹಿಡಿದಿದ್ದಳು. ಥೋಕೋಳ ಸಾಲು ಚಿಕ್ಕದೇನಾಗಿರಲಿಲ್ಲ. ಎಲ್ಲರಿಗಿಂತ ಮುಂದೆ, ಮಗಳ ಬೆನ್ನಿಗೆ ಅಂಟಿಕೊಂಡಂತೆ, ಹಳದಿ ತಲೆವಸ್ತ್ರದ ತಾಯಿ. ವಿಡಿಯೋ ಕಾಲಿನಲ್ಲಿ ಎಷ್ಟೋ ಸಲ ನೋಡಿದ್ದ ಮುಖ.

ಆಗ ಊರಿನ ಮುಖ್ಯಸ್ಥ ಸಾಲುಗಳ ನಡುವೆ ನಡೆದು ಬಂದ. ಬೈಯಲಿಲ್ಲ, ಗದರಲಿಲ್ಲ. ಮದುವೆಮನೆಯಲ್ಲಿ ಪಂಕ್ತಿ ವಿಚಾರಿಸುವ ಯಜಮಾನನ ಹಾಗೆ ಒಬ್ಬೊಬ್ಬರ ಮುಖ ನೋಡುತ್ತ ಬಂದ. ಸರ್ಕಾರದ ಅಗ್ಗದ ಗೊಬ್ಬರ ಯಾರ ಮನೆಗೆ ಎಂದು ಹೇಳುವವನು ಅವನೇ ಎಂದು ಥೋಕೋ ಹೇಳಿದ್ದಳು. ಗೊಬ್ಬರವಿಲ್ಲದಿದ್ದರೆ ಮೆಕ್ಕೆಜೋಳವಿಲ್ಲ. ಥೋಕೋಳ ಮನೆಯಲ್ಲಿ ಇನ್ನೂ ಮೂರು ಸಣ್ಣ ಮಕ್ಕಳು. ಅವನು ತಾಯಿಯ ಪಕ್ಕ ನಿಂತು ಏನೋ ಅಂದು ನಕ್ಕ. ಕುಶಲ ಕೇಳಿದನೋ ಏನೋ.

ತಾಯಿ ತನ್ನ ಪಾದ ನೋಡಿಕೊಂಡಳು. ಆಮೇಲೆ ಸಾಲಿನಿಂದ ಹೊರಬಂದು ಎಂ.ಪಿ.ಯ ಸಾಲಿನ ಕಡೆಗೆ ನಡೆದಳು. ಅವಳ ಹಿಂದೆಯೇ ಇನ್ನೂ ಕೆಲವು ಹೆಂಗಸರು.

ಬೆನ್ನ ಹಿಂದೆ ಅಷ್ಟು ಹೆಜ್ಜೆ ಸಪ್ಪಳ ಕೇಳಿ ಥೋಕೋ ತನ್ನ ಸಾಲು ಬೆಳೆಯುತ್ತಿದೆ ಅಂದುಕೊಂಡಳೇನೋ, ಮುಖ ಅರಳಿತು.

"ತಿರುಗಿ ನೋಡಽ ಹುಡುಗಿ," ಎಂದಳು ಸತ್ಯಭಾಮಾ. ಆ ಗದ್ದಲದಲ್ಲಿ ಅದು ಚಿಸೋಮೊಗೂ ಕೇಳಿಸಲಿಲ್ಲ.

ಎಣಿಕೆ ಮುಗಿದು ಸಾಲುಗಳು ಒಡೆದವು. ತಾಯಿ ಗುಂಪು ಸೀಳಿಕೊಂಡು ಓಡಿ ಬಂದು ಮಗಳನ್ನು ಅಪ್ಪಿಕೊಂಡು ಅತ್ತಳು. ವಿಡಿಯೋ ಕಾಲ್ ಕಟ್ಟಾಯಿತು.

ಸಂಜೆ ಥೋಕೋಳೇ ಫೋನು ಮಾಡಿದಳು.

"ಸೋತೆ, ಕಾಕು."

"ನೋಡಿದೆ, ಬೇಟಾ."

"ಒಂದು ಕೇಳ್ತೀನಿ. ಕೊನೀತನಕ ನಿನ್ನ ಹಿಂದಽ ಇದ್ದೆ ಅಂತಾಳ ಅಮ್ಮ. ನೀವು ನೋಡ್ತಿದ್ರಲ್ಲ. ಇದ್ದಳೇನು?"

ಸತ್ಯಭಾಮಾ ಗಂಡನ ಕಡೆ ನೋಡಿದಳು. ಹೇಳಬೇಡ ಎನ್ನುವ ಹಾಗೆ ರಘುನಂದನ ತಲೆ ಅಲ್ಲಾಡಿಸಿದ. ತಾಯಿ ಮಗಳ ನಡುವೆ ನಾನ್ಯಾಕೆ ಕಡ್ಡಿ ಆಡಿಸಲಿ ಎಂದು ಅವಳಿಗೂ ಅನ್ನಿಸಿತು. ಸೋತ ದಿನ ಒಂದು ಸಮಾಧಾನವಾದರೂ ಇರಲಿ.

"ಇದ್ದಳು. ನಿನ್ನ ಬೆನ್ನಿಗೇ ಇದ್ದಳು."

ಆ ಕಡೆ ಎಲ್ಲೋ ಇನ್ನೂ ಹಾಡು ನಡೆದಿತ್ತು.

"ಯಾರೋ ವಿಡಿಯೋ ಮಾಡಿ ವಾಟ್ಸಾಪಿನಾಗ ಹಾಕ್ಯಾರ," ಎಂದಳು ಥೋಕೋ. "ಇಡೀ ಊರು ನೋಡೇದ. ನಾನೂ ನೋಡೀನಿ. ಇಲ್ಲಿ ಎಲ್ಲರೂ ನನಗ ಸುಳ್ಳು ಹೇಳ್ಲಿಕತ್ತಾರ. ನೀವು ಅಷ್ಟು ದೂರ ಇದ್ದೀರಿ, ನೀವಾದ್ರೂ ಖರೇ ಹೇಳ್ತೀರಿ ಅಂತ ಫೋನ್ ಮಾಡಿದೆ."

"ಥೋಕೋ, ನಾ ನಿನಗ ನೋವಾಗಬಾರದಂತ..."

"ಅಮ್ಮಗ ಗೊಬ್ಬರ ಬೇಕಿತ್ತು. ನಿಮಗೇನು ಬೇಕಿತ್ತು, ಕಾಕು?"

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳುವವಳ ಹಾಗೆ ಕೇಳಿ, ಥೋಕೋ ಫೋನಿಟ್ಟಳು.

"ಏನಂದ್ಲು?" ಎಂದ ರಘುನಂದನ.

"ಏನಿಲ್ಲ," ಎಂದಳು ಸತ್ಯಭಾಮಾ.