ಕಿಟಕಿಯ ಹೊರಗೆ ಕೇಳದ ಪಾಠ

ಶಾಲೆಯ ಮಾತೆತ್ತಿದರೆ ಸಾಕು, ಪೊರಾಂಗ್‌ಗೆ ಈಗಲೂ ಮೊದಲು ನೆನಪಾಗುವುದು ಅಲ್ಲಿನ ನಿಶ್ಶಬ್ದ. ಬೆಂಚು, ಕರಿಹಲಗೆ, ಗೋಡೆಯ ಮೇಲಿನ ಅಮೆರಿಕದ ಬಾವುಟ ಎಲ್ಲ ಆಮೇಲೆ. ಊರಿನಲ್ಲಿ ಹುಂಜ, ಹಂದಿ, ಚರ್ಚಿನ ಗಂಟೆ, ಬಾವಿಕಟ್ಟೆಯ ಜಗಳ ಎಲ್ಲವೂ ಒಟ್ಟಿಗೆ ಗದ್ದಲವೆಬ್ಬಿಸುತ್ತಿದ್ದರೆ, ತಾಳೆಗರಿ ಹೊದಿಸಿದ ಶಾಲೆಯ ಆ ಒಂದೇ ಕೋಣೆಯಲ್ಲಿ ಮಾತ್ರ ಮಕ್ಕಳು ಬಾಯಿ ಮುಚ್ಚಿಕೊಂಡು ಓದುತ್ತಿದ್ದರು. ಚಿಕ್ಕಪ್ಪಂದಿರ ಮಕ್ಕಳೆಲ್ಲ ಗಿಜಿಗುಡುತ್ತಿದ್ದ ಮನೆಯಿಂದ ಬಂದ ಹುಡುಗಿಗೆ ಅದು ಸ್ವರ್ಗವೇ ಆಗಿತ್ತು. ಅಂಥ ಸುಖ ಆಮೇಲೆ ಎಷ್ಟು ಹುಡುಕಿದರೂ ಅವಳಿಗೆ ಸಿಗಲಿಲ್ಲ.

ಅವಳನ್ನು ಸಾಕಿದ ಅಜ್ಜಿ ಇಂಗಾಳಿಗೆ, ಅಂದರೆ ಅಲ್ಲಿನ ಮಾತಿನಲ್ಲಿ ಲೋಲಾ ಇಂಗಾಳಿಗೆ, ಮಾತ್ರ ಆ ನಿಶ್ಶಬ್ದ ಸುತರಾಂ ಹಿಡಿಸಿರಲಿಲ್ಲ. ಲೋಲಾ ಪುತೊ ಎಂಬ ಇಡ್ಲಿಯಂಥ ಅಕ್ಕಿಯ ತಿಂಡಿ ಬೇಯಿಸಿ, ಬಿಸಿ ಆರುವ ಮೊದಲೇ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಊರೆಲ್ಲ ಸುತ್ತಿ ಮಾರುವವಳು. ಶಾಲೆಯ ಮುಂದೆ ಹಾದುಹೋಗುವಾಗ ದಿನವೂ ನಿಂತು ಕಿವಿಗೊಡುತ್ತಿದ್ದಳು. ಅಮೆರಿಕದವರು ಬರುವ ಮೊದಲು ಆ ದ್ವೀಪವನ್ನು ಆಳುತ್ತಿದ್ದ ಸ್ಪೇನಿನವರ ಕಾಲದ ಶಾಲೆ ಹೀಗಿರಲಿಲ್ಲ. ಆಗ ಅಷ್ಟೂ ಮಕ್ಕಳು ಅವರವರ ಪಾಠವನ್ನು ಒಟ್ಟಿಗೇ ಅರಚಬೇಕಿತ್ತು, ದನಿ ತಗ್ಗಿದರೆ ಬೆನ್ನಿಗೆ ಬೆತ್ತ ಬೀಳುತ್ತಿತ್ತು. ಸದ್ದಿದ್ದರೆ ಪಾಠ, ಸದ್ದಿಲ್ಲದಿದ್ದರೆ ಮೇಷ್ಟ್ರು ನಿದ್ದೆ ಹೊಡೆಯುತ್ತಿದ್ದಾನೆ ಎಂದೇ ಊರಿನ ಲೆಕ್ಕ. ಈ ಹೊಸ ಮೇಷ್ಟ್ರನ್ನು ನಂಬದೆ ಎಷ್ಟೋ ಮನೆಯವರು ಆಗಲೇ ಮಕ್ಕಳನ್ನು ಬಿಡಿಸಿದ್ದರು.

"ಏನೇ, ಇವತ್ತೇನು ಕಲಿಸಿದ?" ಎಂದು ಲೋಲಾ ಒಂದು ಸಂಜೆ ಕೇಳಿದಳು.

"ಮನಸ್ಸಲ್ಲೇ ಓದೋದು, ಲೋಲಾ."

"ಮನಸ್ಸಲ್ಲೇ ಉಂಡ್ರೆ ಹೊಟ್ಟೆ ತುಂಬತ್ತಾ? ಹೆಣ ಕಾಯೋ ಮನೇಲೂ ಇದಕ್ಕಿಂತ ಜಾಸ್ತಿ ಗಲಾಟೆ ಇರತ್ತೆ. ಅಲ್ಲಿ ಇಸ್ಪೀಟಾದ್ರೂ ಆಡ್ತಾರೆ. ಸಾಕು ಬಿಡು ಆ ಶಾಲೆ. ಕೊಯ್ಲು ಮುಗೀಲಿ, ಮಗ್ಗಕ್ಕೆ ಕೂತ್ಕೋ. ಅದಾದ್ರೂ ಟಕಟಕ ಅನ್ನತ್ತೆ."

ಲೋಲಾ ಒಂದು ಮಾತಾಡಿದಳೆಂದರೆ ಮುಗಿಯಿತು. ಪೊರಾಂಗ್ ರಾತ್ರಿಯೆಲ್ಲ ಮುಸುಮುಸು ಅತ್ತು, ಮರುದಿನ ಬೆಳಗ್ಗೆ ಮೇಷ್ಟ್ರ ಮುಂದೆ ಹೋಗಿ ನಿಂತಳು. ಮೇಷ್ಟ್ರು ಆನ್ಸೆಲ್ಮೊ ಅದೇ ಊರಿನವನು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

"ಮೇಷ್ಟ್ರೇ, ದಿನಕ್ಕೊಂದು ಸಲ ನಮ್ಮನ್ನ ಕೂಗಿಸಿ. ಇಲ್ಲಾಂದ್ರೆ ನಮ್ಮ ಲೋಲಾ ನನ್ನ ಬಿಡಿಸಿಬಿಡ್ತಾಳೆ."

"ಕೂಗಿಸಿದ್ರೆ ಅಮೆರಿಕದ ಇನ್‌ಸ್ಪೆಕ್ಟರ್ ನನ್ನೇ ಬಿಡಿಸಿಬಿಡ್ತಾರೆ ಕಣಮ್ಮ," ಎಂದ ಅವನು. ಪಾಪ, ಅವನು ಹೇಳಿದ್ದೂ ಸುಳ್ಳಲ್ಲ. ಕುದುರೆ ಏರಿ ಬರುತ್ತಿದ್ದ ಆ ಮಹಾರಾಯ ಬಾಗಿಲಲ್ಲೇ ನಿಂತು, ಸೊಳ್ಳೆ ಹಾರಿದ ಸದ್ದು ಕೇಳಿಸಿದರೆ ಮಾತ್ರ ಶಾಲೆ ಚೆನ್ನಾಗಿದೆ ಎನ್ನುತ್ತಿದ್ದ.

ಕೊಯ್ಲು ಮುಗಿಯಿತು. ಒಂದು ಮುಂಜಾನೆ ಲೋಲಾ ಬುಟ್ಟಿಯನ್ನು ಶಾಲೆಯ ಹೊಸ್ತಿಲಲ್ಲಿ ಇಳಿಸಿ, ಸೀದಾ ಒಳಗೆ ಬಂದು ಖಾಲಿ ಬಿದ್ದಿದ್ದ ಬೆಂಚಿನ ಮೇಲೆ ಕುಳಿತಳು.

"ಇವಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ಅದಕ್ಮುಂಚೆ ನೀವೇನು ಮಾಡ್ತೀರೋ ಒಂದ್ಸಲ ಕಣ್ಣಾರೆ ನೋಡಿಬಿಡ್ತೀನಿ. ಹೂಂ, ನಡೀಲಿ."

ಚಿಕ್ಕಂದಿನಲ್ಲಿ ಅವಳ ಕೈಯಿಂದ ಕಿವಿ ಹಿಂಡಿಸಿಕೊಂಡಿದ್ದ ಮೇಷ್ಟ್ರು ಮಕ್ಕಳ ಕಡೆ ತಿರುಗಿ ಓದಲು ಸನ್ನೆ ಮಾಡಿದ. ಮಕ್ಕಳು ಪುಸ್ತಕ ತೆರೆದರು. ಇದೇ ಕೊನೆಯ ದಿನ ಎಂದು ಗೊತ್ತಿದ್ದ ಪೊರಾಂಗ್‌ಗೆ ಮೊದಮೊದಲು ಅಕ್ಷರಗಳೆಲ್ಲ ಕಣ್ಣೀರಲ್ಲಿ ಕಲಸಿಹೋದವು. ಆದರೂ ಓದಿದಳು. ಓದುತ್ತ ಓದುತ್ತ ಲೋಲಾಳನ್ನೂ ಮರೆತಳು, ಮಗ್ಗವನ್ನೂ ಮರೆತಳು, ಆಮೇಲೆ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟಳು.

ಲೋಲಾ ಎದ್ದು ಬಂದಳು. "ಯಾಕೇ ನಕ್ಕೆ? ಯಾರೂ ಏನೂ ಅನ್ಲಿಲ್ವಲ್ಲ?"

"ಕೋಳಿ, ಲೋಲಾ. ತನ್ನ ಮೊಟ್ಟೆ ತಾನೇ ಮಾರೋಕೆ ಸಂತೆಗೆ ಹೋಗಿ, ಕೊಂಡೋರಿಗೆಲ್ಲ 'ನನ್ನ ಮಗು, ಹುಷಾರು, ಶೀತ ಆಗದ ಹಾಗೆ ನೋಡ್ಕೊಳ್ಳಿ' ಅನ್ನತ್ತೆ!"

ಆ ಪುಟ ಓದಿ ಮುಗಿಸಿದ್ದ ಮಕ್ಕಳೂ ಗೊಳ್ಳೆಂದರು.

"ಹಾಗೆ ಬಡ್ಕೊಂಡ್ರೆ ವ್ಯಾಪಾರ ಆದಂಗೇ," ಎಂದಳು ಲೋಲಾ. ಆದರೆ ಅವಳು ನಗಲಿಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಪುಟದ ಮೇಲೆ ಅಂಗೈ ಆಡಿಸಿ ನೋಡಿದಳು. "ಹಂಗಾದ್ರೆ ಇವ್ರಿಗೆಲ್ಲ ಕೇಳಿಸ್ತಾನೇ ಇದೆ. ನಂಗೆ ಮಾತ್ರ ಇಲ್ಲ."

ಮೇಷ್ಟ್ರು ಏನೋ ಹೇಳಲು ಹೋದ. ಲೋಲಾ ಕೈಯೆತ್ತಿ ತಡೆದಳು.

"ನಮ್ಮಪ್ಪ ನನ್ನ ಶಾಲೆಗೆ ಕಳಿಸ್ಲಿಲ್ಲ ಕಣೋ ಆನ್ಸೆಲ್ಮೊ. ಆಗ್ಲೂ ಇದೇ ಪುತೊ, ಇದೇ ಬುಟ್ಟಿ. ಹೊತ್ಕೊಂಡು ಬಂದು ಕಿಟಕಿ ಕೆಳಗೆ ನಿಲ್ತಿದ್ದೆ. ಪ್ರಾರ್ಥನೆ, ಮಗ್ಗಿ, ಸಂತರ ಹೆಸ್ರು, ಎಲ್ಲಾ ಅಲ್ಲೇ ನಿಂತು ಕಲ್ತೆ. ಒಳಗಿದ್ದೋರೆಲ್ಲ ನನಗೋಸ್ಕರಾನೇ ಕೂಗ್ತಿದಾರೆ ಅಂದ್ಕೊಂಡಿದ್ದೆ. ನೀವು ಅವ್ರ ಬಾಯಿ ಮುಚ್ಚಿಸಿಬಿಟ್ರಿ. ಹೊರಗೆ ನಿಂತೋರು ಎಲ್ಲಿಗೆ ಹೋಗ್ಬೇಕೋ?"

ಪೊರಾಂಗ್ ಲೋಲಾಳ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿ, ಹೊರಡಲೆಂದು ಎದ್ದು ನಿಂತಳು. ಲೋಲಾ ಅವಳ ಹೆಗಲು ಅದುಮಿ ಕೂರಿಸಿದಳು.

"ನೀನೆಲ್ಲಿಗೆ ಹೊರಟೆ? ಒಳಗೆ ಕೂರೋ ಭಾಗ್ಯ ಬಂದಿದೆ, ತೆಪ್ಪಗೆ ಕೂತ್ಕೋ."

ಅಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಶಾಲೆ ಉಳಿಯಿತೆಂದು ಪೊರಾಂಗ್ ಕುಣಿದಾಡಬೇಕಿತ್ತು. ಕುಣಿಯಲಿಲ್ಲ. ತನ್ನ ಸ್ವರ್ಗದಲ್ಲಿ ಲೋಲಾಳಿಗೆ ಜಾಗವೇ ಇಲ್ಲವೆಂಬುದು ಅವಳಿಗೆ ಆಗ ಮೊದಲ ಸಲ ಹೊಳೆದಿತ್ತು. ಆ ದಿನ ಮತ್ತೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಸಂಜೆ ಮನೆಗೆ ಬಂದವಳೇ ಏಣಿಮೆಟ್ಟಿಲ ಮೇಲೆ ಕುಳಿತು, ಕೋಳಿಯ ಪಾಠವನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಮನೆಯ ಮಾತಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಓದಿದಳು. ಒಳಗೆ ಅಕ್ಕಿ ಬೀಸುತ್ತಿದ್ದ ಕಲ್ಲು ನಿಂತಿತು.

ಪೊರಾಂಗ್ ಮುಂದೆ ತಾನೇ ಟೀಚರ್ ಆದಳು. ಯಾವ ಊರಿಗೆ ಹಾಕಿದರೂ ಸಂಜೆಯ ಕೊನೆಯ ಪಾಠಕ್ಕೆ ಕಿಟಕಿಗಳನ್ನೆಲ್ಲ ತೆರೆದು ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದಳು. ಒಮ್ಮೆ ಬಂದ ಇನ್‌ಸ್ಪೆಕ್ಟರ್ ಕಿವಿ ಮುಚ್ಚಿಕೊಂಡ.

"ಇದೇನು ಟೀಚರ್, ಸಂತೆಯಾ? ಮಕ್ಕಳಿಗೆ ಕಿವಿ ಕೇಳಿಸಲ್ವಾ?"

"ಕೇಳಿಸತ್ತೆ ಸಾರ್. ಇದು ಒಳಗಿರೋರಿಗಲ್ಲ."

ಆ ವರ್ಷ ಅವಳಿಗೆ ಬಡ್ತಿ ಸಿಗಲಿಲ್ಲ. ಲೋಲಾ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಆದರೂ ಕಿಟಕಿ ತೆರೆಯುವಾಗ ಪೊರಾಂಗ್ ಪ್ರತಿ ಸಲ ಬಗ್ಗಿ ಕೆಳಗೆ ನೋಡುತ್ತಿದ್ದಳು.