ದ್ರೌಪದಿಯ ಪಾಲಿನ ಸಮುದ್ರ

ಆವತ್ತು ಮುಂಜಾನೆ ಕಿಣ್ಣಿ ಸುಲ್ತಾನದ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ರಾಶಿಗೆ ಬಂದ ತೊಗರಿ ಹೊಲಗಳೆಲ್ಲ ಮರೆಯಾಗಿ ಊರೊಂದೇ ಬೆಳ್ಳನೆಯ ನೀರಿನಲ್ಲಿ ತೇಲಿದಂತಿತ್ತು. ಹಿಂದಿನ ಸಂಜೆಯಷ್ಟೇ ರಾಮೇಶ್ವರದಿಂದ ಬಂದಿದ್ದ ನಿಂಬೆವ್ವ ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಪ್ರಸಾದ ಕೊಡುತ್ತಿದ್ದಳು. ಯಾತ್ರೆ ಮಾಡಿ ಬಂದವರ ಕಾಲು ಮುಟ್ಟಿದರೆ ಅರ್ಧ ಪುಣ್ಯ ತಮಗೂ ದಕ್ಕುತ್ತದೆಂದು ಬಂದವರು, ಬರೀ ಕಾಲು ಮುಟ್ಟಿ ಹೋದಾರೆಯೇ? ಕತೆಯೂ ಬೇಕು.

"ಸುತ್ತೆಲ್ಲಾ ನೀರಂತ. ಅಂಥಲ್ಲಿ ಅಷ್ಟು ಮಂದಿ ಯಾಕ ಹೋಗ್ತಾರಬೇ?" ಎಂದಳು ನೆರೆಮನೆಯ ಗುರಮ್ಮ.

"ಒಬ್ಬೊಬ್ಬರದು ಒಂದೊಂದು ಆಸಿ."

ಕಾಶಿಯಿಂದ ಗಂಗೆಯನ್ನು ತಂಬಿಗೆಯಲ್ಲಿ ತಂದವರಿದ್ದರಂತೆ. ತೀರಿಹೋದ ತಾಯಿಗೆ ಎಳ್ಳುನೀರು ಬಿಡುವವರಿದ್ದರಂತೆ. ಅವರ ಮಗ್ಗುಲಲ್ಲೇ ಹೊಸದಾಗಿ ಮದುವೆಯಾದ ಜೋಡಿಯೊಂದು ತೆರೆ ಬಂದಾಗಲೊಮ್ಮೆ ನಕ್ಕು, ಫೋಟೋ ತೆಗೆದುಕೊಂಡು, ಮತ್ತೊಂದು ತೆರೆಗೆ ಕಾಯುತ್ತಿತ್ತಂತೆ. ದೇವರು ಅವರಲ್ಲಿ ಯಾರನ್ನೂ ಹಿಂದಕ್ಕೆ ಕಳಿಸಿದ್ದನ್ನು ನಿಂಬೆವ್ವ ಕಂಡಿರಲಿಲ್ಲ.

"ಮತ್ತ ಮಾವಾರಿಗೆ ಏನ್ ಸೇರ್ತ್ರಿ ಅತ್ತಿ?" ಸೊಸೆ ಸೀಮಾ ಕೇಳಿದಳು.

ನಿಂಬೆವ್ವನ ಗಂಡ ಚಂದ್ರಾಮಪ್ಪ ಒಳಗಿನಿಂದಲೇ ಉತ್ತರ ಕೊಟ್ಟ. "ಅಲ್ಲಿ ಬದುವೇ ಇಲ್ಲ ನೋಡವ್ವ. ಕಣ್ಣು ಹೋಗೋ ಮಟಾ ಒಂದೂ ಬದು ಇಲ್ಲ."

"ಮೂವತ್ತು ವರ್ಷ ಬದುವಿಗಂತ ಜಗಳಾಡಿದ ಮನಷ್ಯಾ," ಎಂದಳು ನಿಂಬೆವ್ವ, "ಧನುಷ್ಕೋಡಿ ದಂಡ್ಯಾಗ ನಿಂತು ಅತ್ತಾನ ನೋಡ್ರಿ."

ಎಲ್ಲರೂ ನಕ್ಕರು. ಮೆಟ್ಟಿಲ ಬಳಿ ನಿಂತಿದ್ದ ದ್ರೌಪದಿ ಮಾತ್ರ ನಗದೆ ಕಾಯುತ್ತಿದ್ದಳು. ಇಪ್ಪತ್ತು ವರ್ಷ ನಿಂಬೆವ್ವನ ಪಕ್ಕದ ಸಾಲಿನಲ್ಲಿ ಕಳೆ ತೆಗೆದ ಗೆಳತಿ ಅವಳು. ಬುದ್ಧನಿಗೆ ಬೆಳಕು ಸಿಕ್ಕ ಬೋಧಿವೃಕ್ಷದ ಕೊಂಬೆಯೊಂದು ಲಂಕೆಯಲ್ಲಿ ಚಿಗುರಿ ಇವತ್ತಿಗೂ ನಿಂತಿದೆಯೆಂದು ಬುದ್ಧ ವಿಹಾರದಲ್ಲಿ ಕೇಳಿದಾಗಿನಿಂದ ಅವಳಿಗೆ ಅದೊಂದೇ ಧ್ಯಾನ. ಮೊಣಕಾಲು ಈಗ ಬಸ್‌ಸ್ಟ್ಯಾಂಡಿನವರೆಗೂ ನಡೆಸುವುದಿಲ್ಲ. ನಿಂಬೆವ್ವ ಹೊರಟಾಗ ಅವಳು ಕೇಳಿದ್ದು ಪ್ರಸಾದವಲ್ಲ. "ಭೂಮಿ ಮುಗಿಯೋ ಕಡಿ ನಿಂತು, ನನ್ನ ಹೆಸರ್ಲೆ ಲಂಕಾ ಕಡಿ ಒಮ್ಮಿ ನೋಡಕ್ಕ. ಅಷ್ಟೇ ಸಾಕು."

"ನೋಡಿದೇನಕ್ಕ?" ಎಂದಳು ಈಗ.

"ನೋಡಿದೆ ಬೇ," ಎಂದುಬಿಟ್ಟಳು ನಿಂಬೆವ್ವ. "ಹಸರ ಗೆರಿ ಕಂಡಂಗಾತು. ಗಿಡಾನೂ ಕಂಡ್ವು."

ದ್ರೌಪದಿ ನಿಂಬೆವ್ವನ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡು, ಕುಂಟುತ್ತ ಮನೆಗೆ ಹೋದಳು.

ಆಮೇಲೆ ನಿಂಬೆವ್ವ ರೊಟ್ಟಿಯ ತಟ್ಟೆ ಮುಂದಿಟ್ಟುಕೊಂಡು ಕೂತಳು. ಭೂಮಿ ಮುಗಿಯುವ ಧನುಷ್ಕೋಡಿಯಲ್ಲಿ ಅವಳು ಲಂಕೆಯತ್ತ ತಿರುಗಿ, ದ್ರೌಪದಿಯ ಹೆಸರು ಹೇಳಿ ಕೈ ಮುಗಿದದ್ದು ನಿಜ. ಆದರೆ ಕೈ ಮುಗಿದೊಡನೆ ಕಣ್ಣು ತಾನಾಗಿಯೇ ಮುಚ್ಚಿತ್ತು. ಅರವತ್ತು ವರ್ಷದ ರೂಢಿ. ಬಸ್ಸಿನವನು ಹಾರ್ನ್ ಹೊಡೆದಾಗ ಗಡಬಡಿಸಿ ಹಿಂದೆ ತಿರುಗಿ ನಡೆದಿದ್ದಳು. ನೋಡು ಎಂದದ್ದನ್ನು ನೋಡಿಯೇ ಇರಲಿಲ್ಲ. ಅದು ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಆ ಹೆಣ್ಣುಮಗಳು ಇನ್ನು ಸಾಯುವ ತನಕ ಧ್ಯಾನಕ್ಕೆ ಕೂತಾಗೆಲ್ಲ, ಇಲ್ಲದ ಗೆರೆಯೊಂದನ್ನು ಕಾಣುತ್ತಾಳಲ್ಲ?

ತಟ್ಟೆ ಸರಿಸಿ ಎದ್ದಳು.

ದ್ರೌಪದಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಿಂಬೆವ್ವ ನೆಲದ ಮೇಲೆ ಅವಳೆದುರು ಕೂತಳು.

"ನಾ ನೋಡ್ಲಿಲ್ಲ ಬೇ. ಕೈ ಮುಗಿದೆ, ಕಣ್ಣು ಮುಚ್ಚಿದ್ವು. ಗೆರಿ, ಗಿಡ ಎಲ್ಲಾ ಸುಳ್ಳು."

ಮೊರ ನಿಂತಿತು. ದ್ರೌಪದಿ ಕಾಳಿನ ನಡುವಿನ ಕಲ್ಲೊಂದನ್ನು ಆರಿಸಿ ಎಸೆದಳು.

"ಜೇವರ್ಗ್ಯಾಗಿರೋ ನಮ್ಮ ಮಗಳು ಸಪ್ನಾಗ ಫೋನ್ ಹಚ್ಚಿ ಹೇಳಿಬಿಟ್ಟೇನಿ," ಎಂದಳು.

"ಮತ್ತೊಮ್ಮಿ ಹಚ್ಚು. ನಿಂಬೆವ್ವ ಸುಳ್ಳಬುರುಕಿ ಅನ್ನು."

"ಅದು ನನಗ ಮೊದಲೇ ಗೊತ್ತದ ಅಂತಾಳ ಆಕಿ." ದ್ರೌಪದಿಯ ತುಟಿಯ ಅಂಚು ಸ್ವಲ್ಪ ಸಡಿಲಿತು, ಕಣ್ಣು ಮಾತ್ರ ಒದ್ದೆಯೇ ಇತ್ತು. "ಇರಲಿ. ಅಲ್ಲಿ ನಿಂತಾಗ ನಿನಗ ಏನು ತಿಳೀತು, ಅಷ್ಟ ಹೇಳು. ಖರೇದಷ್ಟೇ."

ನಿಂಬೆವ್ವ ಅವಳ ಮೊರವನ್ನು ಮೆಲ್ಲಗೆ ಇಳಿಸಿ, ಹತ್ತಿರ ಸರಿದಳು. ಎಡಕ್ಕೊಂದು ಸಮುದ್ರ ಮೆತ್ತಗೆ ಉಸಿರಾಡುತ್ತಿದ್ದದ್ದು, ಬಲಕ್ಕೊಂದು ಮೊರೆಯುತ್ತಿದ್ದದ್ದು, ಲಂಕೆಯ ಕಡೆಯಿಂದ ಬಂದ ಬಿಸಿಗಾಳಿ ಮುಚ್ಚಿದ ರೆಪ್ಪೆಯ ಮೇಲೆ ಕೂತದ್ದು, ತುಟಿಗೆ ತಾಗಿದ ಉಪ್ಪು, ಪಾದದಡಿ ಜಾರಿದ ಮರಳು, ಎಲ್ಲವನ್ನೂ ಸಣ್ಣ ದನಿಯಲ್ಲಿ, ತನಗೆಂದು ಏನೂ ಉಳಿಸಿಕೊಳ್ಳದೆ, ಒಂದೊಂದಾಗಿ ಅವಳಿಗೆ ಒಪ್ಪಿಸಿದಳು.