ಬೀಗದ ಸಾಹುಕಾರನ ಪರವಾಗಿ

ಹದಿನಾರು ವರ್ಷ ನಾನು ಬೇರೆಯವರ ಮಾತನ್ನೇ ಬರೆದವಳು. ವಾರಪತ್ರಿಕೆಯ ಕೊನೆಯ ಪುಟದ ಚಿತ್ರಕಥೆಗೆ ಕಥೆ ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರು. ಪಾತ್ರಗಳ ಬಾಯಿಂದ ಹೊರಡುವ ಬಲೂನಿನೊಳಗೆ ದುಂಡಗೆ ಅಕ್ಷರ ತುಂಬುವವಳು ನಾನು. ಕಥೆಗಾರರು ಕೆಲಸ ಬಿಟ್ಟು ಹೋದ ದಿನವೇ ಸಂಪಾದಕರ ಕೋಣೆಗೆ ನುಗ್ಗಿ, "ನಾನು ಬರೀತೀನಿ ಸಾರ್," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೂರು ವಾರ ಕೊಡ್ತೀನಿ. ಓದುಗರು ಕ್ಯಾರೇ ಅನ್ನದಿದ್ರೆ ಆ ಪುಟಕ್ಕೆ ಪದಬಂಧ ಹಾಕ್ತೀನಿ."

ಪದಬಂಧಕ್ಕೆ ಬಲೂನು ಬೇಡ. ಅಂದರೆ ನಾನೂ ಬೇಡ.

ಕಥೆಗೊಬ್ಬ ಖಳನಾಯಕ ಬೇಕಿತ್ತು. ಹುಡುಕುವ ಕಷ್ಟವೇ ಇರಲಿಲ್ಲ, ನನ್ನ ಗಂಡನ ಅಣ್ಣ ಇದ್ದರಲ್ಲ! ಗಂಡ ತೀರಿಕೊಂಡ ಮರುವಾರ, ತಮ್ಮ ಸೈಕಲ್ ಅಂಗಡಿಯ ಮೇಲಿನ ಕೋಣೆಯಿಂದ ನನ್ನ ಪೆಟ್ಟಿಗೆ, ಪಾತ್ರೆ, ಹಾಸಿಗೆ ಎಲ್ಲವನ್ನೂ ಮೆಟ್ಟಿಲ ಮೇಲೆ ತಂದಿಟ್ಟು, ಕೋಣೆಗೆ ಟೈರು ತುಂಬಿದ ಮಹಾನುಭಾವರು. ಹನ್ನೊಂದು ವರ್ಷ ಅವರ ಮುಖ ನೋಡಿರಲಿಲ್ಲ. ಕೈಗೆ ಲೇಖನಿ ಸಿಕ್ಕ ಮೇಲೆ ಬಿಡುವವಳೇ ನಾನು? ಜನರ ಮನೆಗೆ ಬೀಗ ಜಡಿಯುವ 'ಬೀಗದ ಸಾಹುಕಾರ'ನನ್ನು ಹುಟ್ಟಿಸಿದೆ. ಗಡ್ಡ, ಕೆಂಗಣ್ಣು, ಗಹಗಹಿಸುವ ನಗು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಗಿಸುವುದಕ್ಕೆಂದು ಒಬ್ಬಳು ಗಡಬಡೆ ಅತ್ತೆಯನ್ನು ಸೇರಿಸಿದೆ. ಆಕೆ ಪ್ರತಿ ಚೌಕದಲ್ಲೂ ಕಾಲು ಜಾರಿ ಬೀಳುತ್ತಿದ್ದಳು.

ಮೊದಲ ಕಂತು ಅಚ್ಚಾಯಿತು, ಕೆಳಗೆ ನನ್ನ ಹೆಸರೂ ಬಂತು. ಓದುಗರದು ಒಂದೇ ಒಂದು ಪತ್ರವೂ ಬರಲಿಲ್ಲ.

ಎರಡನೆಯ ಕಂತು ಒಯ್ದಾಗ ಚಿತ್ರಗಾರರು ಪೆನ್ಸಿಲ್ಲನ್ನೇ ಮುಟ್ಟಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ. ಪಾತ್ರದ ಜೇಬಿನಲ್ಲಿ ಏನಿದೆ ಎಂದು ಕಥೆ ಬರೆದವರು ಹೇಳುವ ತನಕ ಅವರು ಯಾರನ್ನೂ ಬಿಡಿಸುವುದಿಲ್ಲ. ಜೇಬಿನೊಳಗಿನದು ಚಿತ್ರದಲ್ಲಿ ಕಾಣುವುದೇ ಇಲ್ಲ, ಆದರೂ ಅದು ಅವರ ಹಟ. ಮೊದಲ ವಾರ ಅವಸರವೆಂದು ಸುಮ್ಮನಿದ್ದರು, ಅಷ್ಟೆ.

"ನಿಮ್ಮ ಸಾಹುಕಾರನ ಜೇಬಲ್ಲಿ ಏನಿದೆಯಮ್ಮಾ?"

"ವಿಷ," ಎಂದೆ.

"ಅದು ನಿಮ್ಮ ಜೇಬಲ್ಲಿರೋದು. ಅವನದ್ದು ಕೇಳಿದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಅವನೇನು ಕನ್ನಡಿ ಮುಂದೆ ನಿಂತು 'ನಾನು ಕೆಟ್ಟವನು' ಅಂದ್ಕೋತಾನಾ? ಯಾರೂ ಅಂದ್ಕೊಳ್ಳಲ್ಲ. ಆ ಅತ್ತೆ ಬೀಳ್ತಾಳಲ್ಲ, ಎಲ್ಲಿಗೆ ಹೊರಟು ಬೀಳ್ತಾಳೆ? ಅದೂ ನಿಮಗೆ ಗೊತ್ತಿಲ್ಲ. ಹೋಗಿ, ನೋಡ್ಕೊಂಡು ಬನ್ನಿ."

ಮೈ ಉರಿದುಹೋಯಿತು. ಆದರೆ ಪುಟ ಉಳಿಯಬೇಕಿತ್ತು. ಏನಾದರಾಗಲಿ, ಭಾವನ ಜೇಬನ್ನು ನೋಡಿಯೇ ಬರುತ್ತೇನೆಂದು ಮರುದಿನ ಬೆಳಿಗ್ಗೆ ಹೊರಟೆ.

ಅಂಗಡಿಯ ಮುಂದೆ ನೇತುಹಾಕಿದ್ದ ಟೈರುಗಳ ಮರೆಯಲ್ಲಿ ನಿಂತೆ. ಭಾವ ಮುದುಕರಾಗಿದ್ದರು. ಗಾಳಿ ತುಂಬಿದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದರು. ಸ್ಟೂಲಿನ ಮೇಲೆ ಕುಳಿತ ಗಿರಾಕಿಯ ಕೈಯಲ್ಲಿ ನಮ್ಮ ಪತ್ರಿಕೆ ಇತ್ತು.

"ಇದು ನಿಮ್ಮ ತಮ್ಮನ ಹೆಂಡತಿ ಬರೆದಿದ್ದಲ್ವಾ?" ಎಂದ ಗಿರಾಕಿ.

"ಅವಳೇ. ಕೋಪ ಬಂದ್ರೆ ಏನು ಮಾಡ್ತಾಳೆ ಗೊತ್ತಾ?"

ಭಾವ ಟ್ಯೂಬು ಬಿಟ್ಟು ಎದ್ದರು. ಗಿರಾಕಿಯ ಚೀಲವನ್ನು ಕಂಕುಳಿಗೆ ಸಿಕ್ಕಿಸಿ, ಗದ್ದ ಮೇಲೆತ್ತಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿ, ಚೀಲದೊಳಗೆ ಕೈ ಹಾಕಿ ಪರಪರ ಹುಡುಕತೊಡಗಿದರು. ಏನೂ ಸಿಗದೆ ಚೀಲ ಮುಚ್ಚಿದರು, ಮತ್ತೆ ತೆರೆದರು. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ನೋಡಿಕೊಂಡರೆ ನನ್ನ ಕೈಯೂ ಆಗ ನನ್ನ ಬ್ಯಾಗಿನೊಳಗೇ ಇತ್ತು! ತಡೆಯಲಾರದೆ ನನಗೂ ನಗು ಬಂತು. ನನ್ನ ಗಡಬಡೆ ಅತ್ತೆ ಸುಮ್ಮನೆ ಜಾರಿ ಬೀಳುತ್ತಿದ್ದಳು. ಭಾವ ಆಡಿ ತೋರಿಸಿದ ಹೆಂಗಸಿಗೋ ಒಂದು ಮರ್ಯಾದೆ ಇತ್ತು, ಅದನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಳು.

"ಮೆಟ್ಟಿಲ ಮೇಲೂ ಹೀಗೇ ಹುಡುಕ್ತಾ ನಿಂತ್ಲು," ಎನ್ನುತ್ತ ಭಾವ ಕುಳಿತರು. ದನಿ ಇಳಿದಿತ್ತು. "'ಇರ್ತೀನಿ ಭಾವ' ಅಂತ ಒಂದು ಮಾತು ಅಂದಿದ್ರೆ ಎಲ್ಲಾನೂ ನಾನೇ ಹೊತ್ಕೊಂಡು ಮೇಲೆ ಇಡ್ತಿದ್ದೆ. ಅನ್ನಲಿಲ್ಲ. ಆಸ್ಪತ್ರೇಲಿ ತಮ್ಮನ ಕೊನೇ ನಾಲ್ಕು ದಿನ ನನ್ನ ಒಳಗೆ ಬಿಡಲಿಲ್ಲ ಅವಳು. ಬಾಗಿಲ ಹೊರಗೆ ಬೆಂಚಲ್ಲಿ ಕೂತಿದ್ದೆ."

ನನ್ನ ನಗು ಅಲ್ಲೇ ನಿಂತಿತು. ಆ ಮಾತು ನಿಜ. ಅಣ್ಣತಮ್ಮಂದಿರು ಜಗಳವಾಡಿದ್ದರು, ಗಂಡನಿಗೆ ಆಯಾಸವಾಗುತ್ತದೆ ಎಂಬ ನೆಪ ಹೇಳಿ ನಾನು ಬಾಗಿಲು ಹಾಕಿಕೊಂಡಿದ್ದೆ. ಗಂಡ ಎರಡು ಸಲ "ಅಣ್ಣ ಬಂದ್ನಾ?" ಎಂದು ಕೇಳಿದ್ದರು. ಇದನ್ನು ನಾನು ಇಷ್ಟು ಹೊತ್ತು ನಿಮಗೆ ಹೇಳಲಿಲ್ಲ. ಹನ್ನೊಂದು ವರ್ಷ ನನಗೂ ಹೇಳಿಕೊಂಡಿರಲಿಲ್ಲ.

ಜೇಬು ನೋಡದೆಯೇ ಕಚೇರಿಗೆ ಓಡಿದೆ.

"ಆಸ್ಪತ್ರೆ ಪಾಸು," ಎಂದೆ ಚಿತ್ರಗಾರರಿಗೆ. "ಒಳಗೆ ಹೋಗಲಿಕ್ಕೆ ಅಂತ ಕೊಟ್ಟಿದ್ದು. ಹೋಗೋದಕ್ಕೇ ಆಗಲಿಲ್ಲ, ಇನ್ನೂ ಇಟ್ಕೊಂಡಿದ್ದಾನೆ."

ಅವರು ಪೆನ್ಸಿಲ್ ಎತ್ತಿಕೊಂಡರು. "ಗಡ್ಡ ತೆಗೀಲಾ?"

"ತೆಗೀರಿ. ಕೆಂಗಣ್ಣೂ ಬೇಡ."

ಆ ಕಂತಿನಲ್ಲಿ ಗಡಬಡೆ ಅತ್ತೆ ಬಾಗಿಲು ತೆರೆಯಲಿಲ್ಲ, ಸಾಹುಕಾರ ಬೆಂಚಿನ ಮೇಲೆ ಕಾದ. ಆ ಬಲೂನುಗಳಿಗೂ ನಾನೇ ಅಕ್ಷರ ತುಂಬಿದೆ. ಇಪ್ಪತ್ತೇಳು ಪತ್ರ ಬಂದವು. ಅರ್ಧ ಜನ ಸಾಹುಕಾರನ ಪರ, ಇನ್ನರ್ಧ ಅತ್ತೆಯ ಪರ ಜಗಳಕ್ಕೇ ನಿಂತಿದ್ದರು.

"ಮೂರನೇದೂ ಹೀಗೇ ಇದ್ರೆ ಪುಟ ನಿಮ್ಮದು," ಎಂದರು ಸಂಪಾದಕರು.

ಮೂರನೆಯದರಲ್ಲಿ ಮೆಟ್ಟಿಲು ಬರಬೇಕು. ನನಗೆ ಬರೆಯಲು ಮನಸ್ಸಾಗಲಿಲ್ಲ. ಪಾಪ, ಬಿಟ್ಟುಬಿಡೋಣ ಎನ್ನಿಸಿತು. ಆದರೆ ಅವರನ್ನು ಕೇಳದೆ ಬಿಡುವುದೂ ಸರಿಯಲ್ಲವೆಂದು ಪತ್ರಿಕೆ ಹಿಡಿದು ನೇರ ಅಂಗಡಿಯೊಳಕ್ಕೇ ಹೋದೆ.

ಭಾವ ಆಗಲೇ ಓದಿದ್ದರು. ಕೈ ಒರೆಸಿಕೊಳ್ಳುತ್ತ ಕೇಳಿದರು, "ಬಾಗಿಲು ತೆಗೀಲಿಲ್ಲ ಅಂತ ನೀನೇ ಬರೆದ್ಯಾ?"

"ನಾನೇ."

"ಸಾಮಾನು ಹೊರಗೆ ಹಾಕಿದ್ದು?"

"ಬಿಟ್ಟುಬಿಡೋಣ ಅಂತಿದ್ದೀನಿ ಭಾವ."

"ಯಾಕೆ? ಕನಿಕರಾನಾ?" ಸಿಡುಕಿದರು. "ಹಾಕಿದ್ದು ಹಾಕಿದ್ದೇ. ಕೆಟ್ಟದ್ದೇ ಮಾಡಿದೆ. ಬರಿ."

ಸ್ಟೂಲು ಎಳೆದುಕೊಂಡು ಕುಳಿತು ಹಾಳೆ ತೆಗೆದೆ. "ಹಾಗಾದ್ರೆ ಹೇಳಿ. ಮೊದಲು ಯಾವುದನ್ನ ಹೊರಗೆ ಇಟ್ರಿ?"

ಭಾವ ಬೋಗುಣಿಯ ನೀರನ್ನು ಹೊರಗೆ ಚೆಲ್ಲಿ ಬಂದರು.

"ನಿನ್ನ ದಿಂಬು," ಎಂದರು. "ಅವನದ್ದು ನಾನಿಟ್ಕೊಂಡೆ. ಈಗಲೂ ಅದರ ಮೇಲೇ ಮಲಗೋದು."

ಎರಡನ್ನೂ ಬರೆದುಕೊಂಡೆ.